ಹುಲಿ ಕಾಣ್ಸುತ್ತಾ? ಮೊದಲ ಸಲ ಸಫಾರಿ, ಜೊತೆಗೆ ಅಮ್ಮ ಮತ್ತೆ 6 ವರ್ಷದ ಮಗಳು

ಬಸವನಗುಡಿ_ಸೊಸೆ:
ಎಲ್ರಿಗೂ ನಮಸ್ಕಾರ. ಏಪ್ರಿಲ್ ರಜೆಗೆ ಕಬಿನಿ (ನಾಗರಹೊಳೆ ಕಾಡು) ಕಡೆ ಹೋಗೋಣ ಅಂತ ಮನೇಲಿ ಮಾತಾಗ್ತಿದೆ. ನಾನು, ನಮ್ಮೆಜಮಾನ್ರು, ನಮ್ಮಮ್ಮ (67 ವರ್ಷ, ಮಂಡಿ ನೋವು) ಮತ್ತೆ ಮಗಳು. ನಮ್ಮಲ್ಲಿ ಯಾರೂ ಕಾಡು ನೋಡಿದವರಲ್ಲ, ಬನ್ನೇರುಘಟ್ಟದಲ್ಲಿ ಬಸ್ಸಲ್ಲಿ ಕೂತು ಹುಲಿ ನೋಡಿದ್ದಷ್ಟೇ. ಎಷ್ಟೊತ್ತಿಗೆ ಏಳ್ಬೇಕು, ಏನು ಹಾಕ್ಕೋಬೇಕು, ಜೀಪಾ ಬಸ್ಸಾ, ಮಧ್ಯದಲ್ಲಿ ಬಾತ್‌ರೂಮ್ ಇರುತ್ತಾ, ಆನೆ ಅಟ್ಟಿಸ್ಕೊಂಡು ಬಂದ್ರೆ ಏನು ಮಾಡೋದು, ಒಂದೂ ಗೊತ್ತಿಲ್ಲ. ಮಗಳು ಬೇರೆ ಹುಲಿ ನೋಡೋಕೆ ಹೋಗ್ತೀನಿ ಅಂತ ಇಡೀ ಕ್ಲಾಸಿಗೆ ಡಂಗೂರ ಸಾರಿ ಬಂದಿದಾಳೆ. ಕಾಣ್ಸುತ್ತೆ ತಾನೆ?

ರಾಗಿಮುದ್ದೆ87:
ಕಾಣ್ಸಲ್ಲ. 9 ಸಲ ಹೋಗಿದೀನಿ, ಹುಲಿ ಸೊನ್ನೆ. ಹುಲಿ ಹೆಜ್ಜೆ ಫೋಟೋ ಮಾತ್ರ ಒಂದು ಆಲ್ಬಮ್ ಆಗೋಷ್ಟಿದೆ.

ಕಾಟಿಪ್ರಿಯ:
ಮೇಲಿನವರ ಮಾತು ಕೇಳಿ ಹೆದರ್ಬೇಡಿ ಮೇಡಂ, ಆದ್ರೆ ಪೂರ್ತಿ ಸುಳ್ಳೂ ಅಲ್ಲ. ಮೊದ್ಲು ಬನ್ನೇರುಘಟ್ಟ ತಲೆಯಿಂದ ತೆಗೆದುಬಿಡಿ. ಅಲ್ಲಿ ಬೇಲಿ ಇದೆ, ಹುಲಿ ಎಲ್ಲಿದೆ ಅಂತ ಡ್ರೈವರಿಗೆ ಗೊತ್ತು. ಕಾಡಲ್ಲಿ ಯಾರಿಗೂ ಗೊತ್ತಿಲ್ಲ. ಎರಡೂವರೆ ಮೂರು ಗಂಟೆ ಸಫಾರಿ ಅಂದ್ರೆ ಅದರಲ್ಲಿ ಮುಕ್ಕಾಲು ಪಾಲು ಬರೀ ದಾರಿ, ಧೂಳು, ಮತ್ತಿ ಮರ ತೇಗದ ಮರ, ಲಂಟಾನದ ಪೊದೆ, ಜಿಂಕೆ, ಜಿಂಕೆ, ಇನ್ನೂ ಜಿಂಕೆ. ಮೊದಲ ಜಿಂಕೆ ಹಿಂಡಿಗೆ ಇಡೀ ಜೀಪು ಎದ್ದು ನಿಲ್ಲುತ್ತೆ, ಐದನೇ ಹಿಂಡಿಗೆ ಒಬ್ರೂ ತಲೆ ಎತ್ತಲ್ಲ.

ಮಜಾ ಇರೋದು ಗಾಡಿ ಇಂಜಿನ್ ಆಫ್ ಮಾಡ್ದಾಗ. ಸುಮ್ನೆ ಯಾಕೆ ನಿಲ್ಲಿಸ್ದ ಅಂತ ಬೈಕೋಬೇಡಿ, ಅವನು ಕೇಳಿಸ್ಕೊಳ್ತಿರ್ತಾನೆ. ಮುಸುವ (ಕಪ್ಪು ಮುಖದ, ಉದ್ದ ಬಾಲದ ಕೋತಿ) ಮರದ ತುದೀಲಿ ಕೂತು ಕೆಮ್ಮಿದ ಹಾಗೆ ಖಕ್ ಖಕ್ ಅಂತ ಶುರು ಮಾಡುತ್ತೆ, ಜಿಂಕೆ ಟ್ಯಾಂವ್ ಅಂತ ಕೂಗುತ್ತೆ, ಎಲ್ಲಾ ಒಂದೇ ಕಡೆ ಮುಖ ಮಾಡಿ ಮುಂಗಾಲು ನೆಲಕ್ಕೆ ತಟ್ತಾ ನಿಲ್ಲುತ್ವೆ. ಜಿಂಕೆ ಸ್ವಲ್ಪ ಪುಕ್ಕಲು, ಸುಮ್ಸುಮ್ನೆನೂ ಕೂಗುತ್ತೆ. ಕಡವೆ ಢಾಂಕ್ ಅಂತ ಕೂಗಿ, ಮತ್ತೆ ಮತ್ತೆ ಕೂಗ್ತು ಅಂದ್ರೆ ಮಾತ್ರ ಸೀಟಲ್ಲಿ ಮುಂದಕ್ಕೆ ಬಂದು ಕೂತ್ಕೊಳ್ಳಿ. ಅಷ್ಟಾಗಿ 20 ನಿಮಿಷ ಕಾದ ಮೇಲೂ ಏನೂ ಬರದೇ ಹೋಗ್ಬೋದು. ಆ 20 ನಿಮಿಷ ನಿಮ್ಮ ಮಗಳನ್ನ ಸುಮ್ನೆ ಕೂರ್ಸೋದೇ ನಿಮ್ಮ ನಿಜವಾದ ಸಫಾರಿ.

ಲೆನ್ಸ್_ಲಿಂಗಣ್ಣ:
9 ಸಲ ಹೋಗಿ ಸೊನ್ನೆ ಅಂದ್ರೆ ಯಾವಾಗ ಹೋಗ್ತೀರ ಗುರುವೇ? ಆಗಸ್ಟಲ್ಲಿ ಹೋದ್ರೆ ಎಲ್ಲಾ ಕಡೆ ನೀರು, ಎಲ್ಲಾ ಕಡೆ ಹಸಿರು, ಅದಕ್ಕೇನು ಗ್ರಹಚಾರ ದಾರಿಗೆ ಬರೋಕೆ. ಮಾರ್ಚ್‌ನಿಂದ ಮೇ ಅಷ್ಟೊತ್ತಿಗೆ ಕಾಡು ಒಣಗಿ ಕೆರೆ ಪಕ್ಕಾನೇ ಎಲ್ಲಾ ಸೇರ್ಕೊಳ್ತವೆ. ನಾನು ಮೊದಲನೇ ಸಫಾರಿಲೇ ಕಬಿನಿಯ ದಮ್ಮನಕಟ್ಟೆ ಕಡೆ ಹುಲಿ ನೋಡಿದೀನಿ, ಗೇಟ್ ದಾಟಿ 10 ನಿಮಿಷಕ್ಕೆ. 2022ರ ಗಣತೀಲಿ ಕರ್ನಾಟಕದಲ್ಲಿ 563 ಹುಲಿ, ಮಧ್ಯಪ್ರದೇಶ ಬಿಟ್ರೆ ನಾವೇ. ಕಾಣ್ಸುತ್ತೆ ಮೇಡಂ, ಪಾಸಿಟಿವ್ ಆಗಿರಿ.

ರಾಗಿಮುದ್ದೆ87:
563 ಇದಾವೆ ಸರಿ, ನನ್ನ ಕಂಡ್ರೆ ಯಾಕೋ ಆಗಲ್ಲ ಅವಕ್ಕೆ. ಮೇ ತಿಂಗಳಲ್ಲೇ 4 ಸಲ ಹೋಗಿದೀನಿ. ಮುಂದಿನ ಜೀಪಿನವರು ನೋಡಿದಾರೆ, ಹಿಂದಿನ ಜೀಪಿನವರು ನೋಡಿದಾರೆ.

ಮೈಸೂರ್_ಪಾಕ್:
😂 ಮೇಲಿನವರು ಯಾವ ಟ್ರಿಪ್‌ಗೆ ಬುಕ್ ಮಾಡ್ತಾರೋ ಮೊದ್ಲೇ ಹೇಳ್ಬಿಡಿ, ನಾವು ಅದು ಬಿಟ್ಟು ಬೇರೆ ದಿನ ಹೋಗ್ತೀವಿ

ಧಾರವಾಡ_ಪೇಡೆ:
ಅಲ್ರೀ, ಕಾಡು ಅಂದ್ರ ಬರೇ ಕಬಿನಿ ಒಂದ ಏನ್ರಿ? ನಮ್ಮ ದಾಂಡೇಲಿ ಕಡೆ ಬರ್ರಿ ಒಮ್ಮೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಮೊದ್ಲ ದಾಂಡೇಲಿ-ಅಣಶಿ ಅಂತಿದ್ರು. ನಾಕು ಜಾತಿ ಹಾರ್ನ್‌ಬಿಲ್ (ಮಂಗಟ್ಟೆ ಹಕ್ಕಿ) ಅದಾವ್ರಿ. ದೊಡ್ಡ ಹಾರ್ನ್‌ಬಿಲ್ ತಲಿ ಮ್ಯಾಲೆ ಹಾರಿದ್ರ ರೆಕ್ಕಿ ಸಪ್ಪಳ ಹೆಂಗ ಕೇಳಸ್ತದ ಅಂದ್ರ ಯಾರೋ ಸ್ಟೀಮ್ ಇಂಜಿನ್ ತಂದಾರೇನೋ ಅನಸ್ತದ. ಹುಲಿ ಕಾಣೂದು ಕಮ್ಮಿ ಅದ, ಕಾಡು ಭಾಳ ದಟ್ಟ. ಆದ್ರ ನಿಮ್ಮ ಮಗಳು ಹಾರ್ನ್‌ಬಿಲ್ ಮರೀಂಗಿಲ್ಲ.

ಲೆನ್ಸ್_ಲಿಂಗಣ್ಣ:
6 ವರ್ಷದ ಮಗು ಹಕ್ಕಿ ನೋಡೋಕೆ ಎದ್ದೇಳುತ್ತಾ ಸ್ವಾಮಿ ಬೆಳಗ್ಗೆ 5ಕ್ಕೆ

ಧಾರವಾಡ_ಪೇಡೆ:
ನಮ್ಮ ಮಗ ಎದ್ದಾನ್ರಿ. ನಿಮ್ಮ ಲೆನ್ಸ್‌ದಾಗ ಹಕ್ಕಿ ಹಿಡ್ಯಾಕ ಆಗಂಗಿಲ್ಲ ಅಂತ ಮಕ್ಕಳ ಮ್ಯಾಲೆ ಯಾಕ ಹಾಕ್ತೀರಿ

ಬಸವನಗುಡಿ_ಸೊಸೆ:
ಅಯ್ಯೋ ಜಗಳ ಬೇಡ ಪ್ಲೀಸ್ 🙏 ಬಟ್ಟೆ ವಿಷ್ಯ ಯಾರಾದ್ರೂ ಹೇಳಿ. ನಮ್ಮೆಜಮಾನ್ರು ಆಗ್ಲೇ ಮಿಲಿಟರಿ ಪ್ರಿಂಟ್ ಪ್ಯಾಂಟು, ಟೋಪಿ, ಶರ್ಟು ಎಲ್ಲಾ ಆರ್ಡರ್ ಮಾಡ್ಬಿಟ್ಟಿದಾರೆ.

ಕಾಟಿಪ್ರಿಯ:
ಹ್ಹಹ್ಹ, ಅದನ್ನ ವಾಪಸ್ ಕಳ್ಸಿ. ಮಾಮೂಲಿ ಹಸಿರು, ಕಂದು, ಬೂದಿ ಬಣ್ಣದ ಹಳೇ ಬಟ್ಟೆ ಸಾಕು. ಬಿಳಿ ಬೇಡ, ಗಾಢ ಸೆಂಟ್ ಬೇಡ. ಬೆಳಗಿನ ಸಫಾರಿಗೆ ಏಪ್ರಿಲಲ್ಲೂ ಒಂದು ಸ್ವೆಟರ್ ಇರ್ಲಿ, ತೆರೆದ ಜೀಪಲ್ಲಿ ಗಾಳಿ ಮುಖಕ್ಕೆ ಹೊಡೆದು ಕಣ್ಣಲ್ಲಿ ನೀರು ಬರುತ್ತೆ.

ಪ್ರಶ್ನೆಪತ್ರಿಕೆ:
ಒಂದು ಡೌಟು. ಪ್ರಾಣಿಗಳಿಗೆ ಬಣ್ಣಾನೇ ಕಾಣಲ್ಲ ಅಂತಾರೆ, ಹಂಗಾದ್ರೆ ಖಾಕಿ ಯಾಕೆ? ಕೆಂಪು ಹಾಕ್ಕೊಂಡು ಹೋದ್ರೆ ಏನಾಗುತ್ತೆ? ಎಲ್ಲಾ ಬರೀ ಫ್ಯಾಷನ್ ಅನ್ಸುತ್ತೆ ನಂಗೆ.

ಜೀವಶಾಸ್ತ್ರ_ಮೇಷ್ಟ್ರು:
ಪೂರ್ತಿ ಕಾಣಲ್ಲ ಅನ್ನೋದು ತಪ್ಪು. ನಮ್ಮ ಕಣ್ಣಲ್ಲಿ ಬಣ್ಣ ಗುರುತಿಸೋ ಕೋಶ 3 ಥರ, ಜಿಂಕೆ ಕಣ್ಣಲ್ಲಿ 2 ಥರ. ಕೆಂಪು-ಹಸಿರು ವ್ಯತ್ಯಾಸ ಅದಕ್ಕೆ ಸರಿಯಾಗಿ ಗೊತ್ತಾಗಲ್ಲ, ನೀಲಿ ಚೆನ್ನಾಗೇ ಗೊತ್ತಾಗುತ್ತೆ. ಅದಕ್ಕೇ ನೋಡಿ, ನಮಗೆ ಹುಲಿ ಕಿತ್ತಳೆ ಬಣ್ಣದಲ್ಲಿ ಅಷ್ಟು ಎದ್ದು ಕಾಣುತ್ತೆ, ಜಿಂಕೆಗೆ ಅದು ಹಸಿರು ಪೊದೇಲಿ ಇನ್ನೊಂದು ಹಸಿರು. ಹಾಗಾಗಿ ನಿಮ್ಮ ಕೆಂಪು ಶರ್ಟಿಗಿಂತ ಬೆಳ್ಳಗೆ ಹೊಳೆಯೋ ಶರ್ಟು, ಕೈ ಬೀಸಾಟ, ಮಾತು ಇವೇ ಹೆಚ್ಚು ತೊಂದ್ರೆ. ಪಾಠ ಜಾಸ್ತಿ ಆಯ್ತು, ಕ್ಷಮಿಸಿ.

ಪ್ರಶ್ನೆಪತ್ರಿಕೆ:
ಇಲ್ಲ ಮೇಷ್ಟ್ರೇ, ಇದು ಚೆನ್ನಾಗಿತ್ತು. ಅಂದ್ರೆ ಹುಲಿ ಹಸಿರು 🤯

ಕೋಟೆ_ಕಡೆಯವ:
ಎಲ್ಲಾ ಓದ್ತಾ ಇದೀನಿ. ನಂದು ಎಚ್.ಡಿ.ಕೋಟೆ ತಾಲ್ಲೂಕು, ಕಾಡಂಚಿನ ಊರು. ನೀವು ಅಷ್ಟು ದುಡ್ಡು ಕೊಟ್ಟು ಕಾಯ್ತೀರಲ್ಲ, ಆ ಹುಲಿ ನಮಗೆ ಪುಕ್ಕಟೆ ಬತ್ತದೆ ಕಣಣ್ಣ. ಹೋದ ವರ್ಷ ನಮ್ಮ ದೊಡ್ಡಪ್ಪನ ಹಸೀನ ಕೊಟ್ಟಿಗೆ ಪಕ್ಕದಿಂದಲೇ ಎಳ್ಕೊಂಡೋಯ್ತು. ರಾಗಿ ಕುಯ್ಲಿಗೆ ಬಂದಾಗ ಆನೆ ಕಾಯೋಕೆ ಅಟ್ಟಣೆ ಮೇಲೆ ಮಲಗ್ತೀವಿ, ಬೆಳಗ್ಗೆ ನಿದ್ದೆಗಣ್ಣಲ್ಲಿ ಸಂಘಕ್ಕೆ ಹಾಲು ಹಾಕಕ್ಕೆ ಹೊಂಟ್ರೆ ರೋಡಲ್ಲಿ ನಿಮ್ಮ ಕಾರುಗಳು ಸಾಲಾಗಿ ರೆಸಾರ್ಟ್ ಕಡೆ ಹೋಯ್ತಾ ಇರ್ತವೆ. ತಪ್ಪು ತಿಳ್ಕೋಬ್ಯಾಡಿ, ಬನ್ನಿ. ನಮ್ಮೂರಿನ ನಾಕು ಹುಡುಗ್ರು ಅಲ್ಲೇ ಕೆಲ್ಸ ಮಾಡ್ತವ್ರೆ. ಆದ್ರೆ 2025ರ ನವೆಂಬರಲ್ಲಿ ಸರಗೂರು ಕಡೆ ಹುಲಿ ಬಾಯಿಗೆ ಜನ ಸಿಕ್ಕು ಸತ್ತಾಗ ಬಂಡೀಪುರ, ನಾಗರಹೊಳೆ ಎರಡೂ ಕಡೆ ಸಫಾರಿ ನಿಲ್ಸಿದ್ರಲ್ಲ, ಆಗ ಇಂಥಾ ಗುಂಪುಗಳಲ್ಲಿ ಬರೀ ಬುಕಿಂಗ್ ದುಡ್ಡು ವಾಪಸ್ ಬತ್ತದಾ ಅಂತ್ಲೇ ಕೇಳ್ತಾ ಇದ್ರು. ಸತ್ತೋರು ಯಾರು ಅಂತ ಒಬ್ರೂ ಕೇಳ್ಲಿಲ್ಲ.

ಕಾಟಿಪ್ರಿಯ:
ಅಣ್ಣ, ನೀವು ಹೇಳಿದ್ದು ಸರಿ. ನಾನೂ ರೀಫಂಡ್ ಕೇಳಿದವರಲ್ಲಿ ಒಬ್ಬ.

ಲೆನ್ಸ್_ಲಿಂಗಣ್ಣ:
ಬೇಜಾರು ನಿಜ, ಆದ್ರೆ ಸಫಾರಿ ಜೀಪಿನ ಕಾಟಕ್ಕೆ ಹುಲಿ ಊರಿಗೆ ಬರುತ್ತೆ ಅಂತ ಕೆಲವರು ಹೇಳ್ತಾರಲ್ಲ, ಅದನ್ನ ನಾನು ಒಪ್ಪಲ್ಲ. ಸಫಾರಿ ಓಡೋದು ಕಾಡಿನ ಸಣ್ಣ ತುಂಡಲ್ಲಿ ಮಾತ್ರ. ಹುಲಿ ಹೆಚ್ಚಾದಾಗ ವಯಸ್ಸಾದ್ದು, ಗಾಯ ಆಗಿದ್ದು, ಜಾಗ ಸಿಗದ ಮರಿ ಹುಲಿಗಳು ಅಂಚಿಗೆ ತಳ್ಳಿಸ್ಕೊಳ್ತವೆ.

ಕೋಟೆ_ಕಡೆಯವ:
ಇರಬೋದು. ನಾನು ಓದಿರೋದು ಪಿಯುಸಿ. ಆದ್ರೆ ರಾತ್ರಿಯೆಲ್ಲಾ ರೆಸಾರ್ಟು ಲೈಟು, ಜನರೇಟರ್ ಸದ್ದು, ಪಟಾಕಿ ಇವೆಲ್ಲಾ ಕಾಡಿಗೆ ಏನೂ ಮಾಡಲ್ವಾ ಅಂತ ನಿಮ್ಮ ಲೆನ್ಸಲ್ಲಿ ನೋಡೇಳಿ.

ಜೀವಶಾಸ್ತ್ರ_ಮೇಷ್ಟ್ರು:
ಇಬ್ಬರ ಮಾತಲ್ಲೂ ಹುರುಳಿದೆ. ಲಂಟಾನ ಹಬ್ಬಿ ಹುಲ್ಲು ಕಮ್ಮಿ ಆಗಿದ್ದೂ ಸೇರ್ಸಿ, ಜಿಂಕೆ ಆನೆ ಮೇವಿಗೆ ಅಂಚಿಗೆ ಬರೋಕೆ ಅದೂ ಒಂದು ಕಾರಣ ಅಂತಾರೆ. ಮೇಡಂ, ನೀವು ಮಾತ್ರ ಹೊರಡೋ ಮೊದ್ಲು ಸಫಾರಿ ನಡೀತಿದೆಯಾ, ಯಾವ ಗೇಟಿಂದ, ದಿನಕ್ಕೆ ಎಷ್ಟು ಗಾಡಿ ಅಂತ ಇಲಾಖೆ ಕಡೆಯಿಂದಲೇ ಖಚಿತ ಮಾಡ್ಕೊಳ್ಳಿ. ಏಜೆಂಟ್ ಮಾತು ನಂಬ್ಬೇಡಿ.

ಮೈಸೂರ್_ಪಾಕ್:
ಏಜೆಂಟ್ ವಿಷ್ಯ +1. ನಮಗೊಬ್ಬ "ಹುಲಿ ಗ್ಯಾರಂಟಿ" ಅಂತ ದುಡ್ಡು ಇಸ್ಕೊಂಡು ಬಸ್ ಸಫಾರಿ ಹಿಂದಿನ ಸೀಟು ಕೊಡ್ಸಿದ್ದ. ಗ್ಯಾರಂಟಿ ಅಂತ ಯಾರಾದ್ರೂ ಅಂದ್ರೆ ಅಲ್ಲೇ ಫೋನ್ ಇಡಿ.

ಕುಟ್ಟ_ಕಾಫಿ:
ಆನೆ ವಿಷ್ಯ ಯಾರೂ ಹೇಳ್ಲಿಲ್ಲ. ನಾನು ನಾಗರಹೊಳೆಯ ನಾಣಚ್ಚಿ ಗೇಟ್ ಕಡೆಯಿಂದ ಸುಮಾರು ಸಲ ಹೋಗಿದೀನಿ. ಒಂದ್ಸಲ ತಿರುವಲ್ಲಿ ಹೆಣ್ಣಾನೆ, ಜೊತೆಗೆ ಮರಿ, ನಮ್ಮಿಂದ 30 ಅಡಿ ಇರ್ಬೋದು. ಡ್ರೈವರ್ ಇಂಜಿನ್ ಆಫ್ ಮಾಡಿ ಒಂದು ಬೆರಳು ಎತ್ತಿದ, ಅಷ್ಟೇ. ಆನೆ ಪಾಡಿಗೆ ಆನೆ ಹುಲ್ಲು ಕಿತ್ತು, ಬೇರಲ್ಲಿ ಮಣ್ಣಿರುತ್ತಲ್ಲ, ಅದನ್ನ ಮುಂಗಾಲಿಗೆ ಟಪ್ ಟಪ್ ಅಂತ ಎರಡೇಟು ಬಡಿದು ಬಾಯಿಗಿಟ್ಕೊಳ್ತಿತ್ತು, ನಮ್ಮಜ್ಜಿ ಕೊತ್ತಂಬರಿ ಕಟ್ಟು ಬಡಿಯೋ ಹಾಗೇ. ಮರಿ ಅದನ್ನ ನೋಡಿ ತಾನೂ ಒಂದು ಎಸಳು ಎತ್ತಿ ಕಾಲಿಗೆ ಹೊಡ್ಕೊಳ್ಳೋಕೆ ಹೋಗಿ ಬೀಳಿಸ್ತು, ಮತ್ತೆ ಎತ್ತಿತು, ಮತ್ತೆ ಬೀಳಿಸ್ತು. ಹೀಗೇ ಹತ್ತು ನಿಮಿಷ. ಆಮೇಲೆ ನಮ್ಮ ಹಿಂದಿನ ಸೀಟಿನ ಮಹಾನುಭಾವ ಒಬ್ಬ ಚಿಪ್ಸ್ ಪ್ಯಾಕೆಟ್ ಹರಿದ. ಚರ್ ಅಂದಿದ್ದೇ ತಡ, ಹೆಣ್ಣಾನೆ ಕಿವಿ ಅಗಲ ಮಾಡಿ, ತಲೆ ಎತ್ತಿ, ನಾಕು ಹೆಜ್ಜೆ ನುಗ್ಗಿ ಧೂಳೆಬ್ಬಿಸಿ ನಿಂತ್ಕೊಳ್ತು. ಹೆದರ್ಸೋಕೆ ಅಷ್ಟೇ, ಹೊಡೆಯೋಕಲ್ಲ, ಅಂತ ಡ್ರೈವರ್ ಆಮೇಲೆ ಹೇಳ್ದ. ಆ ಹೊತ್ತಲ್ಲಿ ಯಾರಿಗೆ ಗೊತ್ತು. ಎದ್ದು ನಿಲ್ಬೇಡಿ, ಕಿರುಚ್ಬೇಡಿ, ಇಳಿಯೋ ಮಾತಂತೂ ಇಲ್ಲವೇ ಇಲ್ಲ, ಮಿಕ್ಕಿದ್ದು ಡ್ರೈವರ್ ನೋಡ್ಕೊಳ್ತಾನೆ. ಸಲಗದ ಕೆನ್ನೆ ಮೇಲೆ ಎಣ್ಣೆ ಸುರಿದ ಹಾಗೆ ಕಪ್ಪು ಗೆರೆ ಇದ್ರೆ ಅದು ಮದದಲ್ಲಿದೆ ಅಂತ, ಆಗ ಒಳ್ಳೆ ಡ್ರೈವರ್ ಹತ್ರಾನೇ ಹೋಗಲ್ಲ.

ರಾಗಿಮುದ್ದೆ87:
ಚಿಪ್ಸ್ ತಿಂದವನು ನಾನಲ್ಲ.

ಶಿವಮೊಗ್ಗ_ಶೀಲಾ:
ಅಮ್ಮನ ಮಂಡಿ ಬಗ್ಗೆ ಯಾರೂ ಉತ್ರ ಕೊಟ್ಟಿಲ್ಲ, ಎಲ್ಲಾ ಗಂಡಸ್ರು ಲೆನ್ಸಲ್ಲೇ ಮುಳುಗಿದೀರ 😊 ನೋಡಿ, ಜೀಪಿಗೆ ಹತ್ತೋ ಮೆಟ್ಲು ಎತ್ತರ ಇರುತ್ತೆ, ಕುಲುಕಾಟ ಜಾಸ್ತಿ, ಹಿಂದಿನ ಸೀಟಲ್ಲಿ ಕೂತ್ರೆ ಸೊಂಟ ಹೋಯ್ತು ಅಂತಾನೇ ಲೆಕ್ಕ. ಬೇಗ ಹೋಗಿ ಮುಂದಿನ ಅಥವಾ ಮಧ್ಯದ ಸೀಟು ಕೇಳಿ. ಬಸ್ಸಲ್ಲಿ ಹತ್ತೋದು ಸಲೀಸು, ಆದ್ರೆ ಇಪ್ಪತ್ತಕ್ಕೂ ಮೇಲೆ ಜನ, ಒಬ್ಬರಲ್ಲ ಒಬ್ಬರು ಮಾತಾಡ್ತಾನೇ ಇರ್ತಾರೆ. ಒಳಗೆ ಇಳಿಯೋ ಹಾಗಿಲ್ಲ, ಹಾಗಾಗಿ ಬಾತ್‌ರೂಮ್ ಇಲ್ಲ ಅಂತಾನೇ ಅಂದ್ಕೊಳ್ಳಿ. ಹೊರಡೋ ಮುಂಚೆ ಮಗಳನ್ನೂ ಅಮ್ಮನನ್ನೂ ಕಡ್ಡಾಯ ಕಳ್ಸಿ, ಬೆಳಗ್ಗೆ ಎರಡು ಲೋಟ ಕಾಫಿ ಕುಡಿಬೇಡಿ. ನಮ್ಮತ್ತೆ ಕುಡಿದು ಕೊನೇ ಅರ್ಧ ಗಂಟೆ ಹುಲಿ ಬಂದ್ರೂ ನೋಡಲ್ಲ ಅನ್ನೋ ಸ್ಥಿತಿಗೆ ಬಂದಿದ್ರು. ಮಗೂಗೆ ವಾಂತಿ ಬರೋ ಅಭ್ಯಾಸ ಇದ್ರೆ ಖಾಲಿ ಹೊಟ್ಟೇಲಿ ಬೇಡ, ಎರಡು ಬಿಸ್ಕೆಟ್ ಕೊಡಿ.

ಬಸವನಗುಡಿ_ಸೊಸೆ:
ಶೀಲಾ ಅವ್ರೇ, ಇದೇ ಬೇಕಿತ್ತು ನಂಗೆ! ಮೊಬೈಲ್ ತಗೊಂಡು ಹೋಗ್ಬೋದಾ?

ಶಿವಮೊಗ್ಗ_ಶೀಲಾ:
ಈಗ ಎಷ್ಟೋ ಕಡೆ ಗೇಟಲ್ಲೇ ಇಸ್ಕೊಳ್ತಾರೆ, ಕೇಳ್ಕೊಳ್ಳಿ. ಇಸ್ಕೊಂಡ್ರೆ ಒಳ್ಳೇದೇ ಅಂತೀನಿ ನಾನು. ಕ್ಯಾಮೆರಾಗೆ ಲೆನ್ಸ್ ಉದ್ದದ ಮೇಲೆ ಬೇರೆ ದುಡ್ಡು ಕಟ್ಬೇಕು.

ಟೊರೊಂಟೊ_ತಿಮ್ಮ:
ನಾವು ಕೀನ್ಯಾದ ಮಸಾಯಿ ಮಾರಾಗೆ ಹೋಗಿದ್ವಿ, ಅರ್ಧ ದಿನಕ್ಕೆ ಸಿಂಹ, ಚೀತಾ, ಆನೆ, ಜಿರಾಫೆ ಎಲ್ಲಾ ಮುಗೀತು. ನಮ್ಮಲ್ಲಿ ಯಾಕೆ ಇಷ್ಟು ಕಷ್ಟ?

ಜೀವಶಾಸ್ತ್ರ_ಮೇಷ್ಟ್ರು:
ಅದು ಹುಲ್ಲುಗಾವಲು, ಮೈಲಿಗಟ್ಟಲೆ ಕಾಣುತ್ತೆ, ಸಿಂಹ ಗುಂಪಲ್ಲಿರುತ್ತೆ. ಇದು ಮರದ ಕಾಡು, ಹುಲಿ ಒಂಟಿ. ಪಕ್ಕದ ಪೊದೇಲೇ ಮಲಗಿದ್ರೂ ನಿಮಗೆ ಗೊತ್ತಾಗಲ್ಲ.

ತರೀಕೆರೆ_ತಮ್ಮಣ್ಣ:
ಲೇಟಾಗಿ ಬಂದೆ. ಮೇಡಂ, ಮೊದಲ ಸಲ, ವಯಸ್ಸಾದವರು, ಮಗು ಅಂದ್ರೆ ನಾನಾಗಿದ್ರೆ ಭದ್ರಾ ಅಭಯಾರಣ್ಯಕ್ಕೆ ಕರ್ಕೊಂಡು ಹೋಗ್ತಿದ್ದೆ, ಲಕ್ಕವಳ್ಳಿ ಕಡೆ. ನಮ್ಮೂರು ಅಂತ ಹೇಳ್ತಿಲ್ಲ (ಸ್ವಲ್ಪ ಹೇಳ್ತಿದೀನಿ). ಅಲ್ಲಿ ಜೀಪ್ ಸಫಾರಿ ಒಂದು, ಬೋಟ್ ಸಫಾರಿ ಒಂದು. ಬೋಟಲ್ಲಿ ಕುಲುಕಾಟ ಇಲ್ಲ, ಅಮ್ಮನಿಗೆ ಆರಾಮು. ಬೇಸಿಗೇಲಿ ಹಿನ್ನೀರು ಇಳಿದು ನಡುಗಡ್ಡೆಗಳು ಎದ್ದಾಗ ಸಾವಿರಾರು ರಿವರ್ ಟರ್ನ್ ಹಕ್ಕಿ ಅಲ್ಲೇ ಮೊಟ್ಟೆ ಇಡ್ತವೆ. ಹುಲಿ ಇದೆ, 1998ರಿಂದ ಹುಲಿ ಯೋಜನೆಯಲ್ಲಿದೆ, ಆದ್ರೆ ಕಾಣೋದು ಕಬಿನಿಗಿಂತ ಕಮ್ಮಿ, ಸುಳ್ಳು ಹೇಳಲ್ಲ.

ಇನ್ನೊಂದು ಮಾತು, ಕೋಟೆ ಅಣ್ಣ ಹೇಳಿದ್ದಕ್ಕೆ ನೆನಪಾಯ್ತು. ಭದ್ರಾ ಒಳಗೂ ಊರುಗಳಿದ್ವು. 2001-02ರಲ್ಲಿ 400ಕ್ಕೂ ಹೆಚ್ಚು ಕುಟುಂಬ ಹೊರಗೆ ಬಂದ್ವು, ಸುಮಾರು ಜನ ನಮ್ಮ ತಾಲ್ಲೂಕಿನ ಎಂ.ಸಿ.ಹಳ್ಳಿಗೆ. ನೀರಾವರಿ ಜಮೀನು, ಮನೆ ಸಿಕ್ತು, ದೇಶದಲ್ಲೇ ಚೆನ್ನಾಗಿ ಆದ ಸ್ಥಳಾಂತರ ಅಂತ ಹೆಸರೂ ಬಂತು. ನನ್ನ ಜೊತೆ ಓದಿದವನೊಬ್ಬ ಅಲ್ಲಿಂದ ಬಂದವನು, ಅಡಿಕೆ ತೋಟ ಮಾಡ್ಕೊಂಡು ಚೆನ್ನಾಗಿದಾನೆ. ಆದ್ರೂ ಅವರಪ್ಪ ಹಳೇ ಊರಿನ ದೇವರ ಬಗ್ಗೆ ಮಾತು ಬಂದ್ರೆ ಎದ್ದು ಹೊರಗೆ ಹೋಗ್ಬಿಡ್ತಿದ್ರು.

ಕೋಟೆ_ಕಡೆಯವ:
ಕಬಿನಿ ಅಣೆಕಟ್ಟೆಗೆ ಕಾಕನಕೋಟೆ ಮುಳುಗಿದ್ದು, ಕಾಡೊಳಗಿನ ಹಾಡಿ ಜನ ಆಚೆ ಬಂದಿದ್ದು ನಮ್ ಕಡೆ ಕತೆ. ಅವ್ರಿಗೆ ಎಂ.ಸಿ.ಹಳ್ಳಿ ಥರ ಸಿಗ್ಲಿಲ್ಲ.

ಮೈಸೂರ್_ಪಾಕ್:
ಕಾಕನಕೋಟೆ ಅಂದ್ರೆ ಕಾಡಾನೆ ಹಿಡಿಯೋ ಖೆಡ್ಡಾ ಮಾಡ್ತಿದ್ದ ಜಾಗ ಅಲ್ವಾ? ನಮ್ಮ ತಾತ 1971ರ ಖೆಡ್ಡಾ ನೋಡಿದ್ದೆ ಅಂತ ಸಾಯೋ ತನಕ ಹೇಳ್ತಿದ್ರು, ಅದೇ ಕೊನೇದು. ಆನೆಗಳನ್ನ ಹೊಳೆಗೆ ಇಳಿಸಿ ಓಡಿಸ್ತಿದ್ರಂತೆ, ಗ್ಯಾಲರಿ ಕಟ್ಟಿ ಜನ ನೋಡ್ತಿದ್ರಂತೆ. ಅದೂ ಒಂಥರ ಸಫಾರಿನೇ ಅನ್ಸುತ್ತೆ ಈಗ ಯೋಚ್ನೆ ಮಾಡಿದ್ರೆ.

ಧಾರವಾಡ_ಪೇಡೆ:
ವಿಷ್ಯ ಎಲ್ಲಿಂದ ಎಲ್ಲಿಗೆ ಹೋತು ನೋಡ್ರಿ. ಅಕ್ಕಾರ, ಹೋಗಿ ಬಂದ ಮ್ಯಾಲೆ ಬಂದು ಹೇಳ್ರಿ ಮತ್ತ.

ಬಸವನಗುಡಿ_ಸೊಸೆ:
ಹೋಗಿ ಬಂದ್ವಿ! ಬಂದು ಹೇಳಿ ಅಂದಿದ್ರಲ್ಲ, ಅದಕ್ಕೇ ಬರೀತಿದೀನಿ, ಸ್ವಲ್ಪ ಉದ್ದ ಇದೆ.

ತಮ್ಮಣ್ಣ ಅವರ ಮಾತು ಕೇಳಿ ಭದ್ರಾಕ್ಕೇ ಹೋದ್ವಿ. ನಮ್ಮೆಜಮಾನ್ರ ಮಿಲಿಟರಿ ಟೋಪಿ ಮೊದಲ ಜೀಪ್ ಸಫಾರಿಲೇ ಗಾಳಿಗೆ ಹಾರಿ ಹೋಯ್ತು, ಇಳಿಯೋ ಹಾಗಿಲ್ಲವಲ್ಲ, ಡ್ರೈವರ್ ರಿವರ್ಸ್ ತಗೊಂಡು ಕೊಕ್ಕೆ ಕೋಲಲ್ಲಿ ಎತ್ತಿ ಕೊಟ್ರು, ಇಡೀ ಜೀಪು ನಗಾಡ್ತು. ಮೊದಲ ಒಂದು ಗಂಟೆ ಶುದ್ಧ ಬೋರು. ಜಿಂಕೆ, ನವಿಲು, ಒಂದು ಕಡವೆ, ಅದೂ ಬೆನ್ನು ತೋರಿಸ್ಕೊಂಡು. ಮಗಳು "ಹುಲಿ ಯಾವಾಗ ಬಿಡ್ತಾರೆ?" ಅಂತ ಗಟ್ಟಿಯಾಗಿ ಕೇಳಿದ್ಲು. ಮುಂದಿನ ಸೀಟಿನವರು ತಿರುಗಿ ನೋಡಿದ್ರು.

ಆಮೇಲೆ ಗಾಡಿ ನಿಲ್ತು. ಕಾಟಿಪ್ರಿಯ ಅವರು ಹೇಳಿದ ಹಾಗೇ ಮುಸುವ ಕೂಗ್ತು. ಮಗಳಿಗೆ ಮನೇಲೇ ಹೇಳ್ಕೊಟ್ಟಿದ್ದೆ, ಅವಳು ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡು ಉಸಿರು ಬಿಗಿ ಹಿಡಿದು ಕೂತ್ಲು. ಒಂದು, ಎರಡು, ಎಂಟು ನಿಮಿಷ. ಪೊದೆ ಅಲ್ಲಾಡ್ತು. ಬಂದಿದ್ದು ಕಾಟಿ (ಕಾಡೆಮ್ಮೆ)! ಒಂದಲ್ಲ, ಏಳು. ಕರೀ ಮೈ, ಭುಜದ ಮೇಲೆ ಆ ದಿಣ್ಣೆ, ಮೊಣಕಾಲಿಂದ ಕೆಳಗೆ ಬೆಳ್ಳಗೆ. ದಾರಿ ದಾಟೋವಾಗ ಅವುಗಳ ಉಸಿರು ಬುಸ್ ಅಂತ ಕೇಳಿಸ್ತು, ಕೊಟ್ಟಿಗೆ ವಾಸನೆ ಬಂತು. ಅಮ್ಮ ಹಾಸನದ ಹಳ್ಳಿಯವರು, ಎಮ್ಮೆ ಕಟ್ಟಿ ಬೆಳೆದವರು, ಮೆಲ್ಲಗೆ "ಇದಕ್ಕೆ ದಿನಕ್ಕೆ ಎಷ್ಟು ಹುಲ್ಲು ಬೇಕೋ" ಅಂದ್ರು. ಮುಸುವ ಯಾತಕ್ಕೆ ಕೂಗಿತ್ತು ಅಂತ ಕೊನೆಗೂ ಗೊತ್ತಾಗ್ಲಿಲ್ಲ.

ಮಾರನೇ ದಿನ ಬೋಟು. ಸಾವಿರಾರು ಹಕ್ಕಿ, ಕಿವಿ ಗುಂಯ್ ಅಂತಿತ್ತು. ಬಿಸಿಲಿಗೆ ಒಂದು ತಾಯಿ ಹಕ್ಕಿ ರೆಕ್ಕೆ ಸ್ವಲ್ಪ ಬಿಡಿಸಿ ಮೊಟ್ಟೆ ಮೇಲೆ ನೆರಳು ಮಾಡ್ಕೊಂಡು, ಬಾಯಿ ತೆರ್ಕೊಂಡು ಏದುಸಿರು ಬಿಡ್ತಾ ನಿಂತಿತ್ತು. ಬರೀ ಕಲ್ಲು ಮಣ್ಣಿನ ಮೇಲೆ ಮೊಟ್ಟೆ, ಗೂಡೂ ಇಲ್ಲ. ಅಮ್ಮ ಬೋಟ್ ಇಳಿಯೋ ತನಕ ಅದೊಂದೇ ಹಕ್ಕಿ ನೋಡ್ತಾ ಕೂತಿದ್ರು.

ಹುಲಿ ಕಾಣ್ಲಿಲ್ಲ. ಮಗಳು ವಾಪಸ್ ಬರೋ ದಾರೀಲಿ ಅರ್ಧ ಗಂಟೆ ಅತ್ಲು, ಸ್ಕೂಲಲ್ಲಿ ಏನು ಹೇಳಲಿ ಅಂತ.

ರಾಗಿಮುದ್ದೆ87:
ನಮ್ಮ ಸಂಘಕ್ಕೆ ಸ್ವಾಗತ. ಸದಸ್ಯತ್ವ ಶುಲ್ಕ ಇಲ್ಲ.

ತರೀಕೆರೆ_ತಮ್ಮಣ್ಣ:
ಏಳು ಕಾಟಿ ಅಂದ್ರೆ ಸಣ್ಣ ಮಾತಲ್ಲ ಮೇಡಂ. 80ರ ದಶಕದ ಕೊನೇಲಿ ರಿಂಡರ್‌ಪೆಸ್ಟ್ ಅಂತ ಜಾನುವಾರು ಕಾಯಿಲೆ ಬಂದು ಭದ್ರಾದ ಕಾಟಿ ಎಷ್ಟೋ ಸತ್ತು ಹೋಗಿದ್ವು. ನಾನು ಹೈಸ್ಕೂಲಲ್ಲಿದ್ದಾಗ ಕಾಟಿ ನೋಡಿದೆ ಅಂದ್ರೆ ಯಾರೂ ನಂಬ್ತಿರ್ಲಿಲ್ಲ.

ಕೋಟೆ_ಕಡೆಯವ:
ಪಾಪು ಸ್ಕೂಲಲ್ಲಿ ಏನೇಳ್ತು ಅಕ್ಕ?

ಬಸವನಗುಡಿ_ಸೊಸೆ:
ಶಾಲೆ ಇನ್ನೂ ಶುರುವಾಗಿಲ್ಲ ಅಣ್ಣ. ಅಷ್ಟರಲ್ಲಿ ಬಿಳಿ ಸಾಕ್ಸ್ ಹಾಕಿರೋ ಎಮ್ಮೆ ಅಂತ ಏಳು ಚಿತ್ರ ಬರೆದಿದಾಳೆ, ಫ್ರಿಜ್ ಬಾಗಿಲು ತುಂಬಾ ಅದೇ. ಮೂಲೇಲಿ ಒಂದು ಹಸಿರು ಹುಲಿ. ಮೇಷ್ಟ್ರು ಹೇಳಿದ್ದನ್ನ ಓದಿ ಹೇಳಿದ್ದೆ, ಅದು ಜಿಂಕೆ ನೋಡಿದ ಹುಲಿ ಅಂತೆ.

ಲೆನ್ಸ್_ಲಿಂಗಣ್ಣ:
ಮುಂದಿನ ಸಲ ಕಬಿನಿ. ನಾನು ಹೇಳ್ತೀನಿ ನೋಡಿ, ಕಾಣ್ಸುತ್ತೆ.

ರಾಗಿಮುದ್ದೆ87:
ಯಾವ ದಿನ ಅಂತ ಹೇಳಿ, ನಾನು ಬರಲ್ಲ.